ಸೌದೆಯ ವಂತಿಗೆ

ಹಾಸುಬಂಡೆ ಎದ್ದ ಹೊತ್ತಿನಲ್ಲಿ ನಾನು ಅದರ ಪಡುವಣ ಅಂಚಿನಲ್ಲಿ ನಿಂತಿದ್ದೆ. ಬಲಗಡೆ ಒಂದು ಜಾಲಿ ಮರ, ಎಡಗಡೆ ಕಲ್ಲುಕೆಲಸದವರು ಇಟ್ಟುಕೊಂಡಿದ್ದ ನೀರಿನ ಮಡಕೆ. ಎರಡನೇ ಮಹಾಯುದ್ಧ ಮುಗಿಯುವುದಕ್ಕೆ ಹಿಂದಿನ ವರ್ಷ, ಶಿವರಾತ್ರಿ ಆಗಿ ಕೆಲವು ದಿನ ಕಳೆದಿತ್ತು. ಸೂರ್ಯ ನೆತ್ತಿ ದಾಟಿದ್ದ. ನನ್ನ ನೆರಳು ಆಗಷ್ಟೇ ಬಂಡೆಯ ಮೇಲೆ ಬೀಳತೊಡಗಿತ್ತು. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ದಿನ ನಡೆದದ್ದನ್ನು ಆಮೇಲೆ ಹಲವರು ಹಲವು ಬಗೆಯಲ್ಲಿ ಹೇಳಿದರು. ಹೊಗೆಯೊಳಗೆ ದೇವರು ಕಂಡನೆಂದವರೂ ಇದ್ದಾರೆ. ನಾನು ಬರೆಯುವುದು ನಿಂತ ಜಾಗದಿಂದ ನನಗೆ ಕಂಡಷ್ಟನ್ನೇ.

ದೇವನಹಳ್ಳಿ ತಾಲ್ಲೂಕಿನ ಒಂದು ಊರು. ಅಲ್ಲಿಯ ಸರ್ಕಾರಿ ಪ್ರೈಮರಿ ಸ್ಕೂಲಿಗೆ ನಾನೊಬ್ಬನೇ ಮೇಷ್ಟ್ರು. ಬಹಳ ವರ್ಷ ಪಾಠ ನಡೆದದ್ದು ಊರಿನ ಚಾವಡಿಯಲ್ಲಿ. ಕಂದಾಯ ವಸೂಲಿಯ ದಿನ ಮಕ್ಕಳಿಗೆ ರಜೆ. ಕೊನೆಗೆ ಇಲಾಖೆಯವರು ಊರ ಹೊರಗೆ ಗೋಡೆ ಎಬ್ಬಿಸಿ, ಕಲ್ಲಿನ ತೊಲೆ ಇಡಿಸಿ, ನಾಲ್ಕು ಅಂಕಣದ ಒಂದು ಉದ್ದನೆಯ ಕೋಣೆ ಮಾಡಿಕೊಟ್ಟರು. ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣವೆನ್ನುತ್ತಾರೆ. ನಮ್ಮ ಕಡೆ ಮನೆಯನ್ನು ಅಳೆಯುವುದೇ ಅಂಕಣದ ಲೆಕ್ಕದಲ್ಲಿ. ಸೂರು ಮಾತ್ರ ಮಕ್ಕಳ ತಂದೆತಾಯಿಗಳ ವಂತಿಗೆಯಿಂದ ಆಗಬೇಕೆಂದು ಹುಕುಂ ಬಂತು. ತಗಡೆಲ್ಲ ಮಿಲಿಟರಿಗೆ ಹೋಗಿತ್ತು. ಹೆಂಚು ಬೆಂಗಳೂರಿನಲ್ಲೇ ಸಿಗುತ್ತಿರಲಿಲ್ಲ. ಉಳಿದದ್ದು ಕಲ್ಲುಚಪ್ಪಡಿ.

ಚಾವಡಿಯಲ್ಲಿ ಸಭೆ ಸೇರಿಸಿದೆ. ಊರಿನ ಪಟೇಲರೂ ಬಂದಿದ್ದರು. ಅವರ ಮಗ ನನ್ನ ಮೂರನೇ ಕ್ಲಾಸಿನಲ್ಲಿದ್ದ. ಮಾತಿನಲ್ಲಿ ಯಾರಿಗೂ ಬಿಡದ ಒಬ್ಬ ರೈತರು ಮೊದಲು ಎದ್ದರು. ಅವರ ಇಬ್ಬರು ಮಕ್ಕಳೂ ನಮ್ಮಲ್ಲೇ ಓದುತ್ತಿದ್ದರು.

"ಗೌರ್ಮೆಂಟ್ ಸ್ಕೂಲು ಅಂತೀರಿ. ಸೂರು ನೀವೇ ಹಾಕ್ಕಳಿ ಅಂತೀರಿ. ಹಂಗಾದ್ರೆ ಗೌರ್ಮೆಂಟು ಯಾವುದಕ್ಕೆ ಮೇಷ್ಟ್ರೇ, ಬಾಗಿಲಿಗಾ?"

"ಬಾಗಿಲೂ ಇಲ್ಲ ಕಣ್ಲಾ," ಎಂದರು ಪಟೇಲರು. "ಚೌಕಟ್ಟು ಮಾತ್ರ."

ನಕ್ಕು ಮುಗಿದ ಮೇಲೆ ಒಂದು ತೀರ್ಮಾನವಾಯಿತು. ಶಕ್ತಿ ಇದ್ದವರು ಮನೆಗೊಂದು ಚಪ್ಪಡಿ ಕೊಡುವುದು. ಇಲ್ಲದವರನ್ನು ಒತ್ತಾಯ ಮಾಡುವುದಿಲ್ಲ. ಕೊಟ್ಟವರ ಹೆಸರನ್ನು ಅವರವರ ಚಪ್ಪಡಿಯ ಮೇಲೆ ಕೆತ್ತಿಸುವುದು. ಗುಡಿಗೆ ಕಂಬ ಕೊಟ್ಟವರ ಹೆಸರು ಕಂಬದ ಮೇಲೆ ಇರುತ್ತದೆ, ಇದಕ್ಕೂ ಹಾಗೆಯೇ ಎಂದರು. ನನಗೂ ಅದರಲ್ಲಿ ದೋಷ ಕಾಣಲಿಲ್ಲ.

ಮೂರು ಅಂಕಣಗಳಿಗೆ ಚಪ್ಪಡಿ ಬಂದವು. ಹೆಸರು ಕೆಳಗಿನಿಂದ ಕಾಣುವಂತೆ ಮಗ್ಗುಲು ನೋಡಿ ಹೊದಿಸಿದರು. ಪಟೇಲರದ್ದೇ ಎರಡು. ಅಷ್ಟಕ್ಕೆ ಕೊಡುವವರು ಮುಗಿದರು. ನಾಲ್ಕನೇ ಅಂಕಣ ಆಕಾಶಕ್ಕೆ ತೆರೆದೇ ಉಳಿಯಿತು.

ಚಾವಡಿಯಿಂದ ಹೊಸ ಕೋಣೆಗೆ ಬಂದ ಕೂಡಲೇ ಮಕ್ಕಳು ತಲೆಯೆತ್ತಿ ಹೆಸರು ಓದಿ, ತಮ್ಮ ಅಪ್ಪನ ಚಪ್ಪಡಿಯ ನೇರ ಕೆಳಗೆ ಹೋಗಿ ಕೂತರು. ಆಟವೆಂದುಕೊಂಡೆ. ಓದಲು ಬರಲೆಂದು ಬಿಟ್ಟೆ. ಕೆಲವು ದಿನ ಕಳೆದ ಮೇಲೆ ಕ್ಲಾಸಿನ ಪ್ರಕಾರ ಕೂರಿಸಲು ನೋಡಿದರೆ ಪಟೇಲರ ಮಗನೊಬ್ಬನ ಹೊರತು ಯಾರೂ ಕದಲಲಿಲ್ಲ. ಮಾರನೆಯ ದಿನ ಪಟೇಲರು ಬಂದು ಬಾಗಿಲಲ್ಲಿ ನಿಂತರು. ಮೇಲೆ ನೋಡಿದರು, ಕೆಳಗೆ ನೋಡಿದರು, ಮಗನನ್ನು ಕರೆದರು.

"ನಿನ್ ಜಾಗ ಅದಾ?"

ಹುಡುಗ ಎದ್ದು ತನ್ನ ಅಪ್ಪನ ಹೆಸರಿನ ಕೆಳಗೆ ಹೋಗಿ ಕೂತ. ನಾನು ಪಟೇಲರನ್ನು ಹೊರಗೆ ಕರೆದುಕೊಂಡು ಹೋಗಿ, ಸ್ಕೂಲಿನಲ್ಲಿ ಹೀಗೆ ಜಾಗ ಹಂಚುವುದು ಸರಿಯಲ್ಲ ಎಂದೆ. ಅವರಿಗೆ ಕೋಪ ಬರಲಿಲ್ಲ. ನಿಧಾನವಾಗಿಯೇ ಹೇಳಿದರು.

"ತಪ್ಪೇನೈತೆ ಹೇಳಿ ಮೇಷ್ಟ್ರೇ. ಕೊಟ್ಟೋರ ಮಕ್ಕಳು ನೆರಳಲ್ಲಿ ಕೂತವೆ. ಕೊಡದೋರ ಮಕ್ಕಳನ್ನ ನಾವೇನು ಆಚೆಗೆ ಅಟ್ಟಿದ್ದೀವಾ? ಗೋಡೆ ಒಳಗೇ ಅವಲ್ಲ. ನಾನು ಬ್ಯಾರೆ ಊರಿನ ಸ್ಕೂಲಿಗೆ ಕೊಟ್ಟಿದ್ರೆ ಮಾತಾಡ್ತಿರ್ಲಿಲ್ಲ. ನನ್ ಮಗ ಕೂರ್ಲಿ ಅಂತ್ಲೇ ಕೊಟ್ಟಿದ್ದು."

ಅದರಲ್ಲಿ ಸುಳ್ಳಿರಲಿಲ್ಲ. ತನ್ನ ಮಗುವಿಗೆಂದು ಕೊಟ್ಟದ್ದು ಎಲ್ಲರ ಮಕ್ಕಳದ್ದೂ ಆಗುವುದು ಯಾವ ಗಳಿಗೆಯಲ್ಲಿ, ಹೇಗೆ? ಒಳಗೆ ಬಂದು ಪಾಠ ಮುಂದುವರಿಸಿದೆ.

ತೆರೆದ ಅಂಕಣದ ಮಕ್ಕಳು ಬೆಳಿಗ್ಗೆ ಮೂಡಣ ಗೋಡೆಯ ನೆರಳಿನಲ್ಲಿ ಕೂರುತ್ತಿದ್ದರು. ನೆರಳು ಸರಿದಂತೆ ಹಲಗೆ ಬಳಪ ಎತ್ತಿಕೊಂಡು ಸರಿಯುತ್ತಿದ್ದರು. ನಡು ಹಗಲಿನಲ್ಲಿ ಸರಿಯುವುದಕ್ಕೆ ಜಾಗವಿರುತ್ತಿರಲಿಲ್ಲ. ಅವರಲ್ಲಿ ಅಗಸರ ಮನೆಯ ಒಂದು ಹುಡುಗಿ ಇದ್ದಳು. ಮೂರನೇ ಕ್ಲಾಸಿನಲ್ಲಿ ಪಾಠವನ್ನು ತಡವರಿಸದೆ ಓದುತ್ತಿದ್ದವಳು ಅವಳೊಬ್ಬಳೇ. ಒಂದು ದಿನ ಅವಳ ತಾಯಿ ಬಟ್ಟೆ ಗಂಟನ್ನು ಬಾಗಿಲ ಹೊರಗೆ ಇಳಿಸಿ ನನ್ನನ್ನು ಕರೆದರು.

"ಮೇಷ್ಟ್ರಯ್ಯ, ನಿನ್ನೆ ಮಗೀಗೆ ಮೂಗಲ್ಲಿ ರಕ್ತ ಬಂತು. ಬಿಸ್ಲಿಗೆ. ಕೆರೆ ತಾವ ಹೊಂಗೆ ಮರ ಐತೆ, ನನ್ ಜೊತೆ ಬಂದ್ರೆ ನೆಳ್ಳಲ್ಲಾದ್ರೂ ಇರ್ತಾಳೆ. ನಿಮ್ಮಲ್ಲಿ ಅದೂ ಇಲ್ಲ."

"ಸ್ವಲ್ಪ ತಡಿಯವ್ವ, ಏನಾದ್ರೂ ಮಾಡ್ತೀನಿ."

"ಶಿವರಾತ್ರಿ ಗಂಟ ತಡೀತೀನಿ. ಆಮೇಲೆ ಬಿಸ್ಲು ಏರ್ತದೆ. ಸೂರು ಬರ್ದಿದ್ರೆ ಕಳ್ಸಾಕಿಲ್ಲ. ಒಂದು ಕಿತ ಬಿಡ್ಸಿದ್ರೆ ಬಿಡ್ಸಿದಂಗೇಯ. ಕೆಲ್ಸಕ್ಕೆ ಹತ್ತಿದ ಮ್ಯಾಕೆ ಯಾರು ಕಳುಸ್ತಾರೆ?"

ಆ ಅಂಕಣದ ಬೇರೆ ತಾಯಂದಿರ ಮನಸ್ಸಿನಲ್ಲೂ ಅದೇ ಇತ್ತು. ಈಕೆ ಬಾಯಿಬಿಟ್ಟು ಹೇಳಿದರು ಅಷ್ಟೆ.

ಮಾರನೆಯ ದಿನ ಪಾಠ ಮುಗಿಸಿ ಊರಾಚೆಯ ಹಾಸುಬಂಡೆಗೆ ಹೋದೆ. ಅಲ್ಲಿ ಕಲ್ಲುಕೆಲಸದವರು ಗುಡಿಸಲು ಹಾಕಿಕೊಂಡಿದ್ದರು. ಅವರ ಯಜಮಾನರು ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ ಮಾತನಾಡುತ್ತಿದ್ದರು. ಚಪ್ಪಡಿ ಸಾಲ ಕೊಡುತ್ತೀರಾ ಎಂದು ಕೇಳಿದೆ.

"ಕಲ್ಲು ಸರ್ಕಾರದ್ದು ಸಾಮಿ, ಅಮಲ್ದಾರ್ರು ಹೂಂ ಅಂದ್ರೆ ಆಯ್ತು. ಕೈ ನಮ್ಮದು. ಸೌದೆ ಎಲ್ಲಿ ತರಾನ? ಪೆಟ್ರೋಲ್ ಸಿಗದೆ ಬಸ್ಸುಗಳೂ ಇದ್ದಿಲು ತಿಂತಾವೆ ಈಗ. ಇರೋ ಬರೋ ಮರ ಎಲ್ಲಾ ಬೆಂಗಳೂರಿಗೆ ಹೋಯ್ತು. ಸೌದೆ ತಂದ್ಕೊಡಿ, ಒಂದು ಹಾಸು ಎಬ್ಬಿಸ್ಕೊಡ್ತೀನಿ."

"ಕೂಲಿ?"

"ನಮ್ ಹುಡುಗ್ರು ಇಬ್ರು ಅವ್ರೆ. ನಾವು ಇಲ್ಲಿರೋಗಂಟ ಒಳಗೆ ಕೂರ್ಸಿ ಅಕ್ಷರ ಹೇಳ್ಕೊಡಿ. ಬಾಗಿಲಲ್ಲಿ ಅಲ್ಲ. ಒಳಗೆ."

ಒಪ್ಪಿದೆ. ಅಮಲ್ದಾರರ ಅಪ್ಪಣೆಯೂ ಸಿಕ್ಕಿತು.

ಹಾಸು ಎಬ್ಬಿಸುವ, ಅಂದರೆ ಬಂಡೆಯ ಮೇಲಿನ ಪದರವನ್ನು ಇಡಿಯಾಗಿ ಬಿಡಿಸುವ ಕ್ರಮವನ್ನು ಅವರು ನನಗೆ ತಿಳಿಸಿದ್ದು ಹೀಗೆ. ಬಂಡೆಯ ಒಂದು ಅಂಚಿನಲ್ಲಿ ಸೌದೆಯನ್ನು ಕಿರಿದಾದ ಸಾಲಾಗಿ ಜೋಡಿಸಿ ಬೆಂಕಿ ಹಾಕುವುದು. ಉರಿಯ ಮುಂದೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳುವುದು. ತಳಕ್ಕೆ ಅಂಟಿಕೊಂಡ ಕಲ್ಲಿನ ಸದ್ದು ಗಟ್ಟಿ, ಬಿಟ್ಟುಕೊಂಡ ಕಲ್ಲಿನ ಸದ್ದು ಪೊಳ್ಳು. ಪೊಳ್ಳು ಸದ್ದು ಬಂದ ಮೇಲೆ ಉರಿಯುವ ಸಾಲನ್ನು ಗಡಾರಿಯಿಂದ, ಅಂದರೆ ಕಬ್ಬಿಣದ ಹಾರೆಯಿಂದ, ಒಂದು ಗೇಣು ಮುಂದಕ್ಕೆ ತಳ್ಳುವುದು. ಮತ್ತೆ ಕೇಳುವುದು, ಮತ್ತೆ ತಳ್ಳುವುದು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಉರಿ ಒಂದೇ ಸಮ ಇರಬೇಕು. ನಡುವೆ ಆರಕೂಡದು; ಆರಿದರೆ ಹಾಸು ಅಲ್ಲಿಗೇ ಮುರಿಯುತ್ತದೆ.

ಸೌದೆಯ ವಂತಿಗೆ ಎಂದು ಊರಿನಲ್ಲಿ ಹೇಳಿಸಿದೆ. ಇದನ್ನು ಕೊಡಲಾರದವರು ಯಾರೂ ಇರಲಿಲ್ಲ. ಜಾಲಿ ಮುಳ್ಳು, ತಂಗಡಿ ಕಡ್ಡಿ, ಒಣಗಿದ ಸೀಗೆ ಬಳ್ಳಿ, ಹೊಂಗೆ ಕೊಂಬೆ ಹೊರೆಹೊರೆಯಾಗಿ ಬಂದವು. ಚಪ್ಪಡಿ ಕೊಟ್ಟವರೂ ತಂದರು. ಪಟೇಲರು ಹುಣಸೆಯ ದಿಮ್ಮಿಗಳನ್ನು ಗಾಡಿಯಲ್ಲಿ ಕಳಿಸಿದರು. ನನಗೆ ಸಂತೋಷವಾಯಿತು. ಆದರೆ ಬೆಂಕಿ ಹಾಕುವ ದಿನ ಹೋಗಿ ನೋಡಿದರೆ ಬಂಡೆಯ ಅಂಚಿನುದ್ದಕ್ಕೂ ಮನೆಮನೆಯ ಸೌದೆ ಬೇರೆಬೇರೆ ಗುಡ್ಡೆಯಾಗಿ ನಿಂತಿತ್ತು. ಗುಡ್ಡೆಗೊಂದು ಸುಣ್ಣ ಹಚ್ಚಿದ ಕಲ್ಲು. ತಮ್ಮ ಗುಡ್ಡೆಯ ಎದುರಿನಿಂದ ಎದ್ದ ಕಲ್ಲು ತಮ್ಮ ಚಪ್ಪಡಿಯೆಂದು ಅವರೇ ತಿಳಿದುಕೊಂಡಿದ್ದರು. ಹೆಸರು ಕೆತ್ತಲು ಯಾರಿಗೆ ಹೇಳಬೇಕೆಂದು ನನ್ನನ್ನೇ ಕೇಳಿದರು.

ಬೆಂಕಿ ಹತ್ತಿಸಿಯಾಗಿತ್ತು. ಯಜಮಾನರು ಬಡಗಣ ತುದಿಯಲ್ಲಿ ಬಗ್ಗಿ ಸುತ್ತಿಗೆಯ ಸದ್ದು ಕೇಳುತ್ತಿದ್ದರು. ತೆಂಕಣ ತುದಿಯಲ್ಲಿ ಪಟೇಲರ ಆಳುಗಳು ಹುಣಸೆ ದಿಮ್ಮಿಗಳನ್ನು ಒಂದರ ಮೇಲೊಂದು ಏರಿಸಿದರು. ಹೆಚ್ಚು ಉರಿದರೆ ದೊಡ್ಡ ಚಪ್ಪಡಿ ಎದ್ದೀತೆಂದು ಅವರ ಲೆಕ್ಕ. ಯಜಮಾನರು ತಲೆಯೆತ್ತಿ "ತೆಗೀರ್ರಾ, ತೆಗೀರಿ" ಎಂದು ಓಡುವುದರೊಳಗೆ ಬಂಡೆ ಸಿಡಿಯಿತು. ಕಲ್ಲಿನ ಹಪ್ಪಳಗಳು ಮೇಲೆ ಹಾರಿ ನಮ್ಮ ಸುತ್ತ ಬಿದ್ದವು. ಯಾರಿಗೂ ತಾಗಲಿಲ್ಲ. ಆ ತುದಿಯಿಂದ ಒಂದು ಬಿರುಕು ಹೊರಟು ಉರಿಯ ಸಾಲನ್ನು ದಾಟಿ, ಎಬ್ಬಿಸಬೇಕಿದ್ದ ಹಾಸಿನ ನಡುವೆಯೇ ಹರಿದುಹೋಯಿತು.

ಯಜಮಾನರು ಸುತ್ತಿಗೆ ಕೆಳಗಿಟ್ಟರು. "ಬಂಡೆಗೆ ಪಟೇಲ್ರು ಗೊತ್ತಿಲ್ಲ ಸಾಮಿ," ಎಂದು ನನಗೆ ಹೇಳಿದರು.

ಪಟೇಲರು ಅಲ್ಲೇ ಇದ್ದರು. "ನನ್ ಸೌದೆ ಹೆಚ್ಚಾಯ್ತು ಅಂತೀಯಾ?"

"ಹೆಚ್ಚಾಗ್ಲಿಲ್ಲ ಗೌಡ್ರೇ. ಒಂದೇ ತಾವ ಆಯ್ತು."

ಪಟೇಲರು ಹೆಗಲ ಟವೆಲ್ಲು ಕೊಡವಿ ಹೊರಟುಹೋದರು. ಅರ್ಧಕ್ಕೆ ಹತ್ತಿರ ಸೌದೆ ಬೂದಿಯಾಗಿತ್ತು. ಆ ಕಡೆಯ ಹಾಸು ಕೆಟ್ಟಿತು. ಬಿರುಕು ಮುಟ್ಟದ ಪಕ್ಕದ ಬಂಡೆಯ ಮೂಡಣ ಅಂಚಿನಿಂದ ಹೊಸದಾಗಿ ಶುರುಮಾಡಬೇಕು ಎಂದರು ಯಜಮಾನರು. ಅಷ್ಟರಲ್ಲಿ ಶಿವರಾತ್ರಿ ಬಂತು, ಹೋಯಿತು. ಅಗಸರ ಹುಡುಗಿ ಸ್ಕೂಲಿಗೆ ಬರಲಿಲ್ಲ. ಅವಳ ಹಿಂದೆ ಇನ್ನೂ ಕೆಲವರು ಬರುವುದನ್ನು ನಿಲ್ಲಿಸಿದರು. ತೆರೆದ ಅಂಕಣದಲ್ಲಿ ಬಿಸಿಲು ಮಾತ್ರ ಕೂತಿತ್ತು.

ಆ ಭಾನುವಾರ ನಾನು ಒಬ್ಬನೇ ಬಂಡೆಗೆ ಹೋದೆ. ಉಳಿದ ಗುಡ್ಡೆಗಳು ಸುಣ್ಣದ ಕಲ್ಲುಗಳೊಂದಿಗೆ ಹಾಗೆಯೇ ಇದ್ದವು. ಬಹಳ ಹೊತ್ತು ನೋಡುತ್ತ ಕೂತಿದ್ದು, ಆಮೇಲೆ ಅಂಗಿ ಬಿಚ್ಚಿ, ಮೊದಲ ಗುಡ್ಡೆಯ ಸೌದೆ ಎತ್ತಿ ಮೂಡಣ ಅಂಚಿಗೆ ಒಯ್ದು ಹಾಕಿದೆ. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಸುಣ್ಣದ ಕಲ್ಲುಗಳನ್ನು ಹಳ್ಳಕ್ಕೆ ಎಸೆದೆ. ಯಾರನ್ನೂ ಕೇಳಲಿಲ್ಲ, ಕೇಳಿದ್ದರೆ ಬೇಡವೆನ್ನುತ್ತಿದ್ದರು. ಮುಳ್ಳು ಚುಚ್ಚಿ ಕೈಯೆಲ್ಲ ರಕ್ತವಾಯಿತು. ದನ ಹೊಡೆದುಕೊಂಡು ಬಂದ ಕೆಲವರು ನಿಂತು ನೋಡಿದರು. ಸಭೆಯಲ್ಲಿ ಮೊದಲು ಮಾತೆತ್ತಿದ್ದ ರೈತರೂ ಬಂದರು.

"ಮೇಷ್ಟ್ರೇ, ಅದು ನಮ್ಮ ಹೊಂಗೆ ಕಣ್ರೀ. ಅದರ ಕೆಳಗಿರೋದು ಯಾರದ್ದೋ ಜಾಲಿ. ಎರಡೂ ಒಂದೇ ಮಾಡ್ಬಿಟ್ರಲ್ಲ."

"ಉರಿದ ಮೇಲೆ ನಿಮ್ಮ ಬೂದಿ ಯಾವುದು ಅಂತ ತೋರಿಸಿ. ವಾಪಸ್ ಕೊಡ್ತೀನಿ."

ಅವರು ನನ್ನ ಕೈ ನೋಡಿದರು. "ಕೊಡಿ ಮತ್ತೆ. ಪಾತ್ರೆ ತಿಕ್ಕಕ್ಕಾಯ್ತದೆ," ಎಂದು ತಮ್ಮ ಹೊಂಗೆಯ ಇನ್ನೊಂದು ತುದಿ ಹಿಡಿದುಕೊಂಡರು. ಹೊತ್ತು ಮುಳುಗುವುದರೊಳಗೆ ಗುಡ್ಡೆ ಒಂದೇ ಆಯಿತು.

ಎರಡನೇ ಬೆಂಕಿಯನ್ನು ಬೆಳಕು ಹರಿಯುತ್ತಲೇ ಮೂಡಣ ಅಂಚಿನಲ್ಲಿ ಹಾಕಿದರು. ಈ ಸಲ ಸಾಲು ತೆಳುವಾಗಿ, ನೇರವಾಗಿ ನಿಂತಿತು. ಯಜಮಾನರು ಅದರ ಮುಂದೆ ಕುಕ್ಕರಗಾಲಿನಲ್ಲಿ ಸರಿಯುತ್ತ ಬಡಿದು ಬಡಿದು ಕೇಳಿದರು. ಅವರ ಮಕ್ಕಳು ಗಡಾರಿ ಹಿಡಿದು, ಅವರು ಕೈಯೆತ್ತಿದಾಗ ಮಾತ್ರ ಉರಿಯನ್ನು ತಳ್ಳಿದರು. ಊರಿನವರು ದೂರದಲ್ಲಿ ಕೂತು ನೋಡುತ್ತಿದ್ದರು. ಹೊತ್ತು ಏರಿದಂತೆ ಬಂಡೆಯ ಅರ್ಧ ಭಾಗದ ಸದ್ದು ಪೊಳ್ಳಾಯಿತು. ಆಗ ನಾನು ಗುಡ್ಡೆಯ ಕಡೆ ತಿರುಗಿದೆ. ಸೌದೆ ಸಾಲದೆಂದು ಗೊತ್ತಾಗಲು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಗಸರ ತಾಯಿ ಕೆರೆಯ ಕಡೆಯಿಂದ ಬರುವುದು ಕಂಡಿತು. ತಲೆಯ ಮೇಲೆ ಸೌದೆ ಹೊರೆ, ಹಿಂದೆ ಮಗಳು, ಅವಳ ತಲೆಯ ಮೇಲೂ ಪುಳ್ಳೆಯ ಕಟ್ಟು. ಉಬ್ಬೆಗೆಂದು, ಅಂದರೆ ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವುದಕ್ಕೆಂದು, ಮನೆಮನೆಯವರು ಆಕೆಗೆ ಕೊಟ್ಟಿದ್ದ ಸೌದೆ ಅದು. ಹೊರೆ ಇಳಿಸಿ, ನನ್ನ ಕಡೆ ನೋಡದೆ, ಯಜಮಾನರನ್ನೇ ಕೇಳಿದರು.

"ಎಲ್ಲಿ ಇಡ್ಲಿ?"

ಅವರು ಗಡಾರಿಯಿಂದ ತೋರಿಸಿದರು. ಆಕೆ ಕೂತು ಒಂದೊಂದೇ ಸೌದೆ ಒಡ್ಡತೊಡಗಿದರು. ಅಷ್ಟೂ ಸಾಲಲಿಲ್ಲ. ಉರಿಯ ಸಾಲಿನ ತೆಂಕಣ ತುದಿ ಕೆಂಪಗಿದ್ದದ್ದು ಬೆಳ್ಳಗಾಗುತ್ತ ಬಂತು. ಯಜಮಾನರ ಮುಖ ನೋಡಿದೆ. ಅವರು ಬಡಿಯುತ್ತಲೇ ಇದ್ದರು.

ಗಾಡಿಯ ಸದ್ದು ಕೇಳಿಸಿತು. ಪಟೇಲರು ತಾವೇ ಗಾಡಿಯ ಮುಂತುದಿಯ ಮೂಕಿಯ ಮೇಲೆ ಕೂತು ಹೊಡೆದುಕೊಂಡು ಬಂದರು. ಗಾಡಿಯ ತುಂಬ ಸಣ್ಣಗೆ ಸೀಳಿದ ಒಣ ಸೌದೆ. ಮಗಳ ಮದುವೆಯ ಅಡುಗೆಗೆಂದು ಸೀಳಿಸಿ ಇಟ್ಟಿದ್ದರು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರು ಇಳಿದು ಅಗಸರ ತಾಯಿಯನ್ನು ನೋಡಿದರು.

"ಉಬ್ಬೆ ಸೌದೆ ಎಲ್ಲಾ ಸ್ಕೂಲಿಗೆ, ಮದುವೆ ಬಟ್ಟೆ ಒಗೆಯಾಕಾಗಲ್ಲ ಅಂತ ನಮ್ಮನೆಯವಳಿಗೆ ಹೇಳಿದ್ಯಂತೆ?"

"ಹೂಂ ಸೋಮಿ. ಅಮ್ಮಾವ್ರು ಕೇಳಿದ್ರು, ಇದ್ದುದ್ದು ಹೇಳ್ದೆ."

"ಕೊಳೆ ಪಂಚೇಲಿ ಧಾರೆ ಎರೀಲಾ ನಾನು?"

ದೂರದಲ್ಲಿ ಯಾರೋ ನಕ್ಕರು. ಪಟೇಲರೂ ನಗುವುದನ್ನು ತಡೆದುಕೊಂಡಂತೆ ಕಂಡಿತು. ಒಂದು ತೋಳು ಸೌದೆ ಎತ್ತಿಕೊಂಡು ಯಜಮಾನರ ಹತ್ತಿರ ಹೋದರು. "ನನ್ನದು ಎಲ್ಲಿ ಹಾಕ್ಬೇಕಪ್ಪಾ?"

"ಎಲ್ಲಿ ಕಮ್ಮಿ ಐತೋ ಅಲ್ಲಿ ಗೌಡ್ರೇ."

ಕಮ್ಮಿ ಇದ್ದದ್ದು ಆ ತಾಯಿಯ ತುದಿಯಲ್ಲಿ. ಪಟೇಲರು ಪಂಚೆ ಎತ್ತಿಕಟ್ಟಿ ಆಕೆಯಿಂದ ಒಂದು ಮಾರು ದೂರದಲ್ಲಿ ಕೂತು, ಆಕೆ ಇಡುವುದನ್ನು ನೋಡಿಕೊಂಡು ಅಷ್ಟಷ್ಟೇ ಒಡ್ಡಿದರು. ಅದನ್ನು ಕಂಡು ಕೂತಿದ್ದವರೆಲ್ಲ ಎದ್ದು ಬಂದರು. ಗಾಡಿಯಿಂದ ಕೈಯಿಂದ ಕೈಗೆ ಸೌದೆ ಸಾಗಿತು. ಬೂದಿಯಾಗುತ್ತಿದ್ದ ತುದಿ ಮತ್ತೆ ಕೆಂಪಗಾಯಿತು.

ಉರಿಯ ಸಾಲು ಪಡುವಣ ಅಂಚನ್ನು ಸಮೀಪಿಸಿದಾಗ ಯಜಮಾನರು ಎಲ್ಲರನ್ನೂ ಕೆಳಗಿಳಿಸಿದರು. ನಾನು ಮೊದಲು ಹೇಳಿದ ಜಾಗಕ್ಕೆ ಬಂದು ನಿಂತೆ. ಅವರು ನನ್ನ ಕಡೆ ನೋಡಿ, "ಅಂಚಿನ ಮ್ಯಾಲೆ ಒಂದು ಕಾಲು ಇಡಿ ಸಾಮಿ, ಬರಿಗಾಲು," ಎಂದರು. ಇಟ್ಟೆ. ಅಲ್ಲಿಗೆ ಇನ್ನೂ ಉರಿ ತಲುಪಿರಲಿಲ್ಲ, ಕಲ್ಲಿಗೆ ಬಿಸಿಲಿನ ಬಿಸಿ ಮಾತ್ರ.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ಮೊದಲು ಸದ್ದು ಬಂತು. ದೊಡ್ಡದಲ್ಲ. ನೆಲದೊಳಗೆ ಬಹಳ ಕೆಳಗೆ ಯಾರೋ ಭಾರವಾದ ಅಗಳಿ ಎಳೆದಂತೆ. ಆಮೇಲೆ ಅಂಚಿನುದ್ದಕ್ಕೂ, ಏನೂ ಇಲ್ಲದ ಕಲ್ಲಿನಲ್ಲಿ ಕೂದಲಷ್ಟು ಗೆರೆ ಮೂಡಿ, ಅದರಿಂದ ಬಿಳಿ ಧೂಳು ಹೊರಕ್ಕೆ ಊದಿತು. ಜಾಲಿ ಮರದ ಹಕ್ಕಿಗಳು ಎದ್ದುಹೋದವು. ನನ್ನ ಕಾಲು ಮೇಲಕ್ಕೆ ಹೋಯಿತು. ಎಷ್ಟು ಎಂದು ಹೇಳಲಾರೆ. ಒಂದು ಕಾಗದದ ದಪ್ಪವೇ ಇದ್ದೀತು. ಆದರೆ ಎತ್ತಿದ್ದು ನಾನಲ್ಲ. ಒಕ್ಕುವ ಕಣದಷ್ಟು ಅಗಲದ ಕಲ್ಲು, ಈ ಭೂಮಿ ಆದಾಗಿನಿಂದ ಒಮ್ಮೆಯೂ ಕದಲದೆ ಇದ್ದದ್ದು, ತನ್ನ ತಾಯಿಬಂಡೆಯನ್ನು ಬಿಟ್ಟು, ಒಂದು ಮೂಲೆಯೂ ಮುರಿಯದೆ, ಎದ್ದಿತು.

ಯಜಮಾನರು ಮೂಡಣ ತುದಿಗೆ ನಡೆದುಹೋಗಿ ಸುತ್ತಿಗೆಯಿಂದ ಒಮ್ಮೆ ಬಡಿದರು. ಆ ನಾದ ಇಡೀ ಹಾಸಿನಲ್ಲಿ ಓಡಿ ಬಂದು ನನ್ನ ಅಂಗಾಲಿನಲ್ಲಿ ನಿಂತಿತು. ಅಲ್ಲೇ ಕೂತುಕೊಂಡೆ. ಪಟೇಲರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಗಸರ ತಾಯಿ ಮಸಿಯಾದ ಕೈಯನ್ನು ಸೆರಗಿಗೆ ಒರೆಸಿ, ಕಲ್ಲಿನ ಅಂಚನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡರು. ಆಕೆಯ ಮಗಳು ಆ ತುದಿಯಿಂದ ಈ ತುದಿಯವರೆಗೆ ನೋಡಿ ಮೊದಲು ಮಾತನಾಡಿದಳು.

"ನಮ್ ಸ್ಕೂಲು ಇಷ್ಟು ದೊಡ್ಡದಿಲ್ಲವಲ್ಲ ಮೇಷ್ಟ್ರೇ?"

"ಕತ್ತರಿಸಾನ ಬಿಡಮ್ಮಯ್ಯ," ಎಂದರು ಯಜಮಾನರು.

ಕಲ್ಲು ಆರಿದ ಮೇಲೆ ಉಳಿಯಿಂದ ಗೆರೆ ಹಾಕಿ ಸೀಳಿದರು. ಯಾವ ಚಪ್ಪಡಿ ಯಾರದ್ದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳಬಲ್ಲವರು ಇರಲಿಲ್ಲ. ಗಾಡಿಗಳಲ್ಲಿ ಸಾಗಿಸಿ ನಾಲ್ಕನೇ ಅಂಕಣಕ್ಕೆ ಹೊದಿಸಿ, ಸಂದುಗಳಿಗೆ ಗಾರೆ ತುಂಬಿದರು. ಹಳೆಯ ಮೂರು ಅಂಕಣದ ಹೆಸರುಗಳು ಹಾಗೆಯೇ ಇದ್ದವು. ಅವನ್ನು ಅಳಿಸಲು ನನಗೆ ಅಧಿಕಾರವಿರಲಿಲ್ಲ, ಅವರು ಕೊಟ್ಟದ್ದೂ ನಿಜವೇ.

ಸೂರು ಮುಗಿದ ಮಾರನೆಯ ದಿನ ಆ ಹುಡುಗಿ ಬಂದಳು. ಬಿಟ್ಟುಹೋಗಿದ್ದ ಇತರರೂ ಬಂದರು. ಯಜಮಾನರ ಮನೆಯ ಹುಡುಗರಿಬ್ಬರೂ ಬಂದರು. ಎಲ್ಲರೂ ಬಾಗಿಲ ಒಳಗೆ ನಿಂತು ಹೊಸ ಚಪ್ಪಡಿಗಳನ್ನು ತಲೆಯೆತ್ತಿ ನೋಡುತ್ತಿದ್ದರು, ಕೂರಲೊಲ್ಲರು. ಏನೆಂದು ಕೇಳಿದೆ.

"ಹೆಸ್ರೇ ಇಲ್ಲ," ಎಂದಳು ಹುಡುಗಿ. "ಇದು ಯಾರ್ ಜಾಗ?"

ನಾನು ಬಾಯಿ ತೆರೆಯುವ ಮೊದಲು ಪಟೇಲರ ಮಗ ತನ್ನ ಎರಡು ಚಪ್ಪಡಿಗಳ ಕೆಳಗಿನಿಂದ ಎದ್ದು ಬಂದ. ಕತ್ತು ಹಿಂದಕ್ಕೆ ಬಾಗಿಸಿ ಎಲ್ಲ ಚಪ್ಪಡಿಗಳನ್ನೂ ಹುಡುಕಿ ನೋಡಿದ. "ಯಾರ್ದೂ ಅಲ್ಲ ಕಣೇ," ಎಂದು ಹೇಳಿ ಗೋಡೆಗೆ ಒರಗಿ ಕೂತ. ಅವನ ಪಕ್ಕದಲ್ಲಿ ಹುಡುಗಿ ಕೂತಳು. ಸ್ವಲ್ಪ ಹೊತ್ತಿಗೆ ಇಡೀ ಸ್ಕೂಲು ಆ ಒಂದು ಅಂಕಣದಲ್ಲಿ ತುಂಬಿತು. ಅರ್ಧ ಮಕ್ಕಳನ್ನು ಗದರಿಸಿ ಹೆಸರಿದ್ದ ಕಡೆಗೆ ಕಳಿಸಬೇಕಾಯಿತು. ಯಾರು ಯಾವ ಹೆಸರಿನ ಕೆಳಗೆ ಹೋದರೆಂದು ಆಗ ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

ಹಾಸು ಎದ್ದದ್ದನ್ನು ಹತ್ತಿರದಿಂದ ಕಂಡವರಲ್ಲಿ ಯಜಮಾನರು ಹೋದರು, ಪಟೇಲರು ಹೋದರು, ಹೊಂಗೆಯ ರೈತರು ಹೋದರು. ಅಗಸರ ತಾಯಿ ಹೋದ ಮಾಘದಲ್ಲಿ ತೀರಿಕೊಂಡರು. ಉಳಿದವರು ಇವರು: ಯಜಮಾನರ ಕಿರಿಯ ಮಗ, ಅಂದು ಗಡಾರಿ ಹಿಡಿದಿದ್ದವನು, ಈಗ ನಂದಗುಡಿಯ ಕಡೆ ಮಗಳ ಮನೆಯಲ್ಲಿದ್ದಾನೆ, ಕಿವಿ ಕೇಳಿಸುವುದಿಲ್ಲ. ಪಟೇಲರ ಗಾಡಿಯ ಹಿಂದೆ ಓಡಿಬಂದಿದ್ದ ಅವರ ಮಗ, ಊರಿನಲ್ಲೇ ಇದ್ದಾನೆ. ಮತ್ತೆ ಆ ಹುಡುಗಿ. ದೊಡ್ಡಬಳ್ಳಾಪುರದಲ್ಲಿ ಸೊಸೆ ಮೊಮ್ಮಕ್ಕಳೊಂದಿಗೆ ಇದ್ದಾಳೆ, ಕನ್ನಡಕ ಹಾಕಿಕೊಂಡು ಈಗಲೂ ಗಟ್ಟಿಯಾಗಿ ಓದುತ್ತಾಳೆ. ಇದನ್ನು ಅವಳಿಂದಲೇ ಓದಿಸಿ ಕೇಳಿದ್ದೇನೆ. ಎಲ್ಲಿಯೂ ಅವಳು ತಿದ್ದಲಿಲ್ಲ.